ಬಿರುಕು ಬಿಟ್ಟ ಸ್ಟೀರಿಂಗ್ ಚಕ್ರ: ಹಳೆಯ ಕಾರಿನ ಚುಕ್ಕಾಣಿಯನ್ನು ಶುಚಿಗೊಳಿಸಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ 1965ರ ಫಿಯೆಟ್ 1100 ಡಿಲೈಟ್ ಕಾರಿನ ಸ್ಟೀರಿಂಗ್ ಚಕ್ರದಲ್ಲಿ ಒಟ್ಟು ಹನ್ನೊಂದು ಬಿರುಕುಗಳಿದ್ದವು. ಕಡ್ಡಿಗಳು ಬಳೆಯನ್ನು ಸೇರುವ ಜಾಗದಲ್ಲಿ ಎರಡು ಬಿರುಕುಗಳು ಎಷ್ಟು ಅಗಲವಾಗಿದ್ದವೆಂದರೆ ಒಳಗಿನ ಕಬ್ಬಿಣದ ಸರಳಿನ ತುಕ್ಕು ಕಣ್ಣಿಗೇ ಕಾಣುತ್ತಿತ್ತು. ಮೊದಲ ಸಲ ನಾನು ಅವುಗಳ ಮೇಲೆ ಕಾರಿನ ಮೈತಗಡಿಗೆ ಹಾಕುವ ಪುಟ್ಟಿಯನ್ನು ಸವರಿ, ಉಜ್ಜಿ, ಬಣ್ಣ ಬಳಿದೆ. ಆ ಚಳಿಗಾಲವಿಡೀ ಚಕ್ರ ಹೊಸದರಂತೆ ಹೊಳೆಯಿತು. ಏಪ್ರಿಲ್ ತಿಂಗಳ ಬಿಸಿಲಿಗೆ ಹನ್ನೊಂದು ಬಿರುಕುಗಳೂ ಅದೇ ಜಾಗದಲ್ಲಿ ಮರಳಿ ಬಂದವು. ಎರಡನೆಯ ಸಲ, ಬಿರುಕು ಏಕೆ ಬರುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆ ಮಾಡಿದ ಕೆಲಸ ಇಂದಿಗೂ ನಿಂತಿದೆ. ಆ ಎರಡನೆಯ ಸಲದ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ. ಫಿಯೆಟ್ ಅನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಅಂಬಾಸಿಡರ್, ಹಳೆಯ ಜೀಪು, ಸ್ಟ್ಯಾಂಡರ್ಡ್, ಮಾರಿಸ್ ಮುಂತಾದ, ಕಬ್ಬಿಣದ ಸರಳಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಅಥವಾ ಗಟ್ಟಿ ರಬ್ಬರು ಎರೆದ ಚಕ್ರವಿರುವ ಯಾವುದೇ ಗಾಡಿಗೆ ಈ ಕ್ರಮ ಹೊಂದುತ್ತದೆ. ಏರ್‌ಬ್ಯಾಗ್ ಇರುವ ಚಕ್ರಕ್ಕೆ ಮಾತ್ರ ಇದು ಸಲ್ಲದು. ಅದನ್ನು ಮನೆಯಲ್ಲಿ ಬಿಚ್ಚಲೇಬಾರದು.

ಚಕ್ರ ಏಕೆ ಒಡೆಯುತ್ತದೆ

ಹಳೆಯ ಸ್ಟೀರಿಂಗ್ ಚಕ್ರವೆಂದರೆ ಒಳಗೊಂದು ಉಕ್ಕಿನ ಬಳೆ ಮತ್ತು ಕಡ್ಡಿಗಳು, ಅವುಗಳ ಸುತ್ತ ಅಚ್ಚಿನಲ್ಲಿ ಎರೆದ ಒಂದು ಗಟ್ಟಿ ಹೊದಿಕೆ. ಈ ಎರಡು ವಸ್ತುಗಳು ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಸುಮಾರು 40 ಸೆಂ.ಮೀ. ವ್ಯಾಸದ ಚಕ್ರದ ಸುತ್ತಳತೆ 126 ಸೆಂ.ಮೀ. ಆಗುತ್ತದೆ. ಬೆಳಗಿನ 25 ಡಿಗ್ರಿಯಿಂದ, ಬಿಸಿಲಿನಲ್ಲಿ ಗಾಜು ಮುಚ್ಚಿ ನಿಂತ ಕಾರಿನ ಒಳಗಿನ 65 ಡಿಗ್ರಿಯವರೆಗೆ ತಾಪ ಏರಿತೆಂದುಕೊಂಡರೆ ಉಕ್ಕಿನ ಬಳೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಅದೇ ಸುತ್ತಳತೆಯ ಸೆಲ್ಯುಲೋಸ್ ಪ್ಲಾಸ್ಟಿಕ್ಕಿನ ಹೊದಿಕೆ ತಡೆಯಿಲ್ಲದೆ ಹಿಗ್ಗಲು ಬಿಟ್ಟರೆ 4 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಹಿಗ್ಗಬೇಕು. ಹಗಲು ಹಿಗ್ಗಿ ರಾತ್ರಿ ಕುಗ್ಗುವ ಈ ಎಳೆದಾಟ ದಶಕಗಳವರೆಗೆ ನಡೆಯುತ್ತದೆ. ಇದರ ಜೊತೆಗೆ ಪ್ಲಾಸ್ಟಿಕ್ಕಿಗೆ ಮೃದುತ್ವ ಕೊಡಲೆಂದು ಬೆರೆಸಿದ್ದ ದ್ರವ್ಯ ವರ್ಷದಿಂದ ವರ್ಷಕ್ಕೆ ಆವಿಯಾಗುವುದರಿಂದ ಹೊದಿಕೆ ಶಾಶ್ವತವಾಗಿ ಕುಗ್ಗುತ್ತಲೂ ಪೆಡಸಾಗುತ್ತಲೂ ಹೋಗುತ್ತದೆ. ಒಳಗಿನ ಉಕ್ಕು ಕುಗ್ಗದ ಕಾರಣ ಹೊದಿಕೆ ತನ್ನ ದುರ್ಬಲ ಜಾಗದಲ್ಲಿ, ಅಂದರೆ ಹೆಚ್ಚಾಗಿ ಕಡ್ಡಿಗಳ ಬುಡದಲ್ಲಿ, ಸೀಳಿ ಬಿಡುತ್ತದೆ. ಸೀಳಿನೊಳಗೆ ಬೆವರು ಇಳಿದು ಸರಳು ತುಕ್ಕು ಹಿಡಿದ ಮೇಲೆ, ಉಬ್ಬಿದ ತುಕ್ಕು ಒಳಗಿನಿಂದ ತಳ್ಳಿ ಸೀಳನ್ನು ಇನ್ನಷ್ಟು ಅಗಲ ಮಾಡುತ್ತದೆ.

ನನ್ನ ಮೊದಲ ದುರಸ್ತಿ ಸೋತದ್ದು ಇಲ್ಲಿಯೇ. ಬಿರುಕು ಬುಡದಲ್ಲಿ ಸರಳಿನವರೆಗೆ ಇರುತ್ತದೆ. ಮೇಲೆ ಸವರಿದ ಪುಟ್ಟಿಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ತುಂಬುವ ವಸ್ತು ಸರಳನ್ನೂ ಬಿರುಕಿನ ಎರಡು ಗೋಡೆಗಳನ್ನೂ ಒಟ್ಟಿಗೆ ಕಚ್ಚಿ ಹಿಡಿಯಬೇಕು. ಮುಂದೆ ಹೇಳುವ ಪ್ರತಿಯೊಂದು ಹಂತದ ಹಿಂದೆ ಇರುವುದು ಈ ಒಂದೇ ಕಾರಣ.

ಕೈಹಾಕುವ ಮೊದಲು

ಚಕ್ರ ಇನ್ನೂ ಕಾರಿನಲ್ಲಿರುವಾಗಲೇ ಒಳ್ಳೆಯ ಬೆಳಕಿನಲ್ಲಿ ಅದನ್ನು ಪರೀಕ್ಷಿಸಿರಿ. ಬಳೆಯನ್ನು ಎರಡು ಕೈಗಳಿಂದ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಹಗುರವಾಗಿ ಆಡಿಸಿರಿ. ಹೊದಿಕೆ ಮಾತ್ರ ಸರಳಿನ ಮೇಲೆ ಸ್ವಲ್ಪ ಜಾರಿದರೆ ಅದನ್ನು ಸರಿಪಡಿಸಬಹುದು. ಆದರೆ ಕಡ್ಡಿಯೇ ಬಳೆಯಿಂದ ಅಥವಾ ನಡುವಿನ ಗುಂಬದಿಂದ ಬಿಟ್ಟುಕೊಂಡಿದ್ದರೆ, ಸರಳು ತುಕ್ಕಿನಿಂದ ತೆಳುವಾಗಿದ್ದರೆ, ಅಥವಾ ಹಿಂದೆ ಯಾರೋ ಬೆಸುಗೆ ಹಾಕಿದ ಗುರುತಿದ್ದರೆ ಆ ಚಕ್ರವನ್ನು ಓಡಿಸುವ ಗಾಡಿಗೆ ಮತ್ತೆ ಹಾಕಬೇಡಿ. ಬೆಂಗಳೂರಿನಲ್ಲಿರುವವರು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿಯೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿಯೂ ತಾಳ್ಮೆಯಿಂದ ಹುಡುಕಿದರೆ ಸರಳು ಗಟ್ಟಿಯಾಗಿರುವ ಇನ್ನೊಂದು ಚಕ್ರ ಸಿಗುವ ಸಾಧ್ಯತೆಯಿದೆ. ಹೊದಿಕೆ ಎಷ್ಟು ಹಾಳಾಗಿದ್ದರೂ ಚಿಂತೆಯಿಲ್ಲ, ಸರಳು ಸರಿಯಾಗಿರಬೇಕು.

ಎರಡನೆಯದಾಗಿ, ನಿಮ್ಮ ಚಕ್ರಕ್ಕೆ ನಿಜವಾಗಿ ದುರಸ್ತಿ ಬೇಕೇ ಅಥವಾ ತೊಳೆದರೆ ಸಾಕೇ ಎಂಬುದನ್ನು ನಿರ್ಧರಿಸಿರಿ. ಬಿರುಕಿಲ್ಲದೆ ಕೇವಲ ಮಂಕಾದ, ಜಿಡ್ಡುಗಟ್ಟಿದ ಚಕ್ರಕ್ಕೆ ಬಣ್ಣ ಬಳಿಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಐವತ್ತು ವರ್ಷ ಕೈ ಹಿಡಿದು ನುಣುಪಾದ ಮೂಲ ಮೈಯನ್ನು ಒಮ್ಮೆ ಉಜ್ಜಿ ತೆಗೆದರೆ ಅದನ್ನು ಮರಳಿ ತರುವ ದಾರಿಯಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ವಾಹನಗಳ ನಿಯಮವೂ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿದಿರುವ ಗಾಡಿಗಳನ್ನು ಆ ಹೆಸರಿನಿಂದ ಕರೆಯುತ್ತದೆ. ನಿಯಮ ಚಾಸಿ, ಬಾಡಿ, ಎಂಜಿನ್ನುಗಳ ಮಾತನ್ನಾಡುತ್ತದೆಯೇ ಹೊರತು ಚುಕ್ಕಾಣಿಯ ಮಾತನ್ನಾಡುವುದಿಲ್ಲ. ಆದರೂ ಮೂಲ ವಸ್ತುವನ್ನು ಉಳಿಸಿಕೊಳ್ಳುವುದಕ್ಕೆ ಮೊದಲ ಮಣೆ ಎಂಬ ತತ್ತ್ವ ಇಲ್ಲಿಯೂ ಸಲ್ಲುತ್ತದೆ.

ಬಿಚ್ಚುವುದು

ಬ್ಯಾಟರಿಯಲ್ಲಿ ಅರ್ತ್ ಆಗಿರುವ ತಂತಿಯನ್ನು ಮೊದಲು ಕಳಚಿರಿ. ಹಳೆಯ ಗಾಡಿಗಳಲ್ಲಿ ಕೆಲವಕ್ಕೆ ಪಾಸಿಟಿವ್ ತಂತಿಯೇ ಅರ್ತ್ ಆಗಿರುತ್ತದೆ, ಆದ್ದರಿಂದ ಬಣ್ಣ ನೋಡಿ ಊಹಿಸದೆ ಗಾಡಿಯ ಲೋಹದ ಮೈಗೆ ಕಟ್ಟಿರುವುದು ಯಾವುದೆಂದು ನೋಡಿಯೇ ಕಳಚಬೇಕು. ಮುಂದಿನ ಟೈರುಗಳು ನೇರವಾಗಿರುವಂತೆ ಗಾಡಿಯನ್ನು ನಿಲ್ಲಿಸಿ, ಚಕ್ರದ ಹತ್ತಾರು ಚಿತ್ರಗಳನ್ನು ತೆಗೆದುಕೊಳ್ಳಿರಿ. ನಡುವಿನ ಹಾರ್ನ್ ಗುಂಡಿ ಕೆಲವು ಗಾಡಿಗಳಲ್ಲಿ ಒತ್ತಿ ತಿರುಗಿಸಿದರೆ ಬರುತ್ತದೆ, ಕೆಲವುಗಳಲ್ಲಿ ಅಂಚಿನಿಂದ ಮೀಟಬೇಕು, ಇನ್ನು ಕೆಲವುಗಳಲ್ಲಿ ಹಿಂಬದಿಯಿಂದ ಹಾಕಿದ ಸಣ್ಣ ಸ್ಕ್ರೂಗಳನ್ನು ಬಿಚ್ಚಬೇಕು. ಮೀಟುವುದಾದರೆ ಸ್ಕ್ರೂಡ್ರೈವರಿನ ಬಾಯಿಗೆ ಬಟ್ಟೆ ಸುತ್ತಿರಿ. ಗುಂಡಿಯ ಕೆಳಗೆ ಸ್ಪ್ರಿಂಗ್, ಬಟ್ಟಲಿನಂಥ ವಾಷರ್, ತಾಮ್ರದ ಸ್ಪರ್ಶಬಿಂದು ಇವೆಲ್ಲ ಒಂದು ಕ್ರಮದಲ್ಲಿ ಕುಳಿತಿರುತ್ತವೆ. ಅವನ್ನು ತೆಗೆದ ಕ್ರಮದಲ್ಲಿಯೇ ಒಂದು ರಟ್ಟಿನ ಮೇಲೆ ಸಾಲಾಗಿ ಅಂಟಿಸಿ ಸಂಖ್ಯೆ ಬರೆದಿಡಿ. ಹಾರ್ನ್ ಕೆಲಸ ಮಾಡದ ಎಷ್ಟೋ ದುರಸ್ತಿಗಳ ದೋಷ ಈ ಸಣ್ಣ ಸ್ಪ್ರಿಂಗ್ ತಲೆಕೆಳಗಾಗಿ ಕುಳಿತದ್ದರಲ್ಲಿದೆ.

ಈಗ ಕಾಣುವ ದೊಡ್ಡ ನಟ್ಟನ್ನು ಪೂರ್ತಿ ತೆಗೆಯಬೇಡಿ. ಎರಡು ಮೂರು ಸುತ್ತು ಸಡಿಲಿಸಿ, ಕಾಲಂ ಕಂಬಿಯ (ಚಕ್ರ ಕೂರುವ ಉದ್ದನೆಯ ಕಂಬಿಯ) ತುದಿಗೂ ಚಕ್ರದ ಗುಂಬಕ್ಕೂ ಒಂದೇ ಗೆರೆಯಲ್ಲಿ ಪಂಚಿನಿಂದ ಸಣ್ಣ ಚುಕ್ಕೆ ಹೊಡೆಯಿರಿ. ಕಂಬಿಯ ತುದಿಯ ಹಲ್ಲುಗಳಲ್ಲಿ ಕಚ್ಚಿ ಕುಳಿತ ಚಕ್ರ ಸುಲಭವಾಗಿ ಬರುವುದಿಲ್ಲ. ನಟ್ಟು ತುದಿಯಲ್ಲಿ ಇದ್ದರೆ ಚಕ್ರ ಒಮ್ಮೆಲೇ ಬಿಟ್ಟು ಮುಖಕ್ಕೆ ಬಡಿಯುವುದು ತಪ್ಪುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಲ್ಲುಗಳಿಗೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನ ಪುಲ್ಲರ್ (ಕಚ್ಚಿ ಕುಳಿತ ಭಾಗವನ್ನು ಎಳೆದು ಬಿಡಿಸುವ ಸಾಧನ) ಹಾಕಿ ನಿಧಾನವಾಗಿ ಎಳೆಯಿರಿ. ಪುಲ್ಲರಿನ ಕಾಲುಗಳು ಗುಂಬದ ಲೋಹವನ್ನು ಹಿಡಿಯಬೇಕು. ಕಡ್ಡಿಯನ್ನೋ ಬಳೆಯನ್ನೋ ಹಿಡಿದರೆ ಚಕ್ರ ಸೊಟ್ಟಗಾಗುತ್ತದೆ. ಕಂಬಿಯ ತುದಿಗೆ ಸುತ್ತಿಗೆಯಿಂದ ಬಡಿಯುವ ಅಭ್ಯಾಸ ಗ್ಯಾರೇಜುಗಳಲ್ಲಿ ಇದೆ, ಅದಕ್ಕೆ ಅವಕಾಶ ಕೊಡಬೇಡಿ. ಆ ಪೆಟ್ಟು ನೇರವಾಗಿ ಕೆಳಗಿನ ಸ್ಟೀರಿಂಗ್ ಬಾಕ್ಸಿಗೂ ಬೇರಿಂಗಿಗೂ ಇಳಿಯುತ್ತದೆ. ಫಿಯೆಟ್ಟಿನಲ್ಲಿ ಅಲ್ಲಿರುವುದು ವರ್ಮ್ ಬಗೆಯ ಗೇರು, ಅಂಬಾಸಿಡರಿನಲ್ಲಿ ರ‍್ಯಾಕ್ ಮತ್ತು ಪಿನಿಯನ್. ಎರಡೂ ಪೆಟ್ಟು ತಾಳುವ ವಸ್ತುಗಳಲ್ಲ.

ತೊಳೆಯುವುದು ಮತ್ತು ವಸ್ತುವನ್ನು ಗುರುತಿಸುವುದು

ಚಕ್ರದ ಮೇಲಿನ ಕಪ್ಪು ಪದರ ಬೆವರು, ಧೂಳು, ಹೊಗೆ ಮತ್ತು ನಮ್ಮ ಕಡೆ ಮುಖ್ಯವಾಗಿ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಕೈಗಿಳಿದು ಕಟ್ಟಿದ ಜಿಡ್ಡು. ರೆಕ್ಸಿನ್ ಕವರ್ ಹಾಕಿದ್ದ ಚಕ್ರದಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಕವರಿನ ಒಳಗೆ ಸಿಕ್ಕಿದ ತೇವ ಆರುವುದೇ ಇಲ್ಲ. ಚಕ್ರ ಯಾವ ವಸ್ತುವಿನದೆಂದು ಮುಂದೆ ಹೇಳಿದಂತೆ ಮೊದಲು ನೋಡಿಕೊಂಡು, ಗಟ್ಟಿ ರಬ್ಬರಿನದಲ್ಲದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅಂಗೈ ಅಗಲದ ಜಾಗವನ್ನು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆದು ಮುಂದಿನ ಜಾಗಕ್ಕೆ ಹೋಗಿರಿ. ಒಂದೇ ಸಲಕ್ಕೆ ಎಲ್ಲವೂ ಹೋಗುವುದಿಲ್ಲ. ಮೂರು ನಾಲ್ಕು ಸಲ ಮೆಲ್ಲಗೆ ಮಾಡುವುದು ಒಂದು ಸಲ ಬಲವಾಗಿ ಉಜ್ಜುವುದಕ್ಕಿಂತ ಮೇಲು. ಬೆರಳುಗಳು ಕೂರಲೆಂದು ಬಳೆಯ ಹಿಂಬದಿಯಲ್ಲಿ ಮಾಡಿರುವ ತಗ್ಗುಗಳಲ್ಲಿ ಗಟ್ಟಿಯಾದ ಜಿಡ್ಡನ್ನು ಬಿದಿರು ಕಡ್ಡಿಯ ತುದಿಯಿಂದ ತೆಗೆಯಿರಿ, ಚಾಕು ಬೇಡ.

ಥಿನ್ನರ್, ಅಸಿಟೋನ್, ಉಗುರು ಬಣ್ಣ ತೆಗೆಯುವ ದ್ರವ, ಪೆಟ್ರೋಲ್ ಇವು ಯಾವುದನ್ನೂ ಚಕ್ರದ ಹತ್ತಿರ ತರಬೇಡಿ. ಸೆಲ್ಯುಲೋಸ್ ಅಸಿಟೇಟ್ ಬಗೆಯ ಪ್ಲಾಸ್ಟಿಕ್ಕನ್ನು ಅಸಿಟೋನ್ ನೇರವಾಗಿ ಕರಗಿಸುತ್ತದೆ. ಒಂದು ಸಲ ಒರೆಸಿದರೆ ಸಾಕು, ಮೈ ಅಂಟಂಟಾಗಿ ಬಟ್ಟೆಯ ನೂಲು ಅದರಲ್ಲಿ ಹೂತುಕೊಳ್ಳುತ್ತದೆ. ಯಾವ ದ್ರವವಾದರೂ ಮೊದಲು ಹಾರ್ನ್ ಗುಂಡಿಯ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ ಒಂದು ಹನಿ ಹಾಕಿ ನೋಡಿರಿ.

ಚಕ್ರ ಯಾವ ವಸ್ತುವಿನದೆಂದು ತಿಳಿಯಲು ಮೂಗು ಒಳ್ಳೆಯ ಸಾಧನ. ಮರೆಯ ಜಾಗವನ್ನು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ ಮೂಸಿದಾಗ ಗಂಧಕದ ವಾಸನೆ ಬಂದರೆ ಅದು ಎಬೊನೈಟ್, ಅಂದರೆ ಹೆಚ್ಚು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ಹುಳಿ, ವಿನೆಗರಿನಂಥ ವಾಸನೆ ಬಂದರೆ ಸೆಲ್ಯುಲೋಸ್ ಅಸಿಟೇಟ್, ಅದೂ ಹಾಳಾಗಲು ಶುರುವಾದದ್ದು. ಎಬೊನೈಟ್ ಬೆಳಕಿಗೆ ಕಂದು ಹಸಿರಾಗುತ್ತದೆ ಮತ್ತು ಬಿಸಿನೀರು ತಾಗಿದರೆ ಆ ಬಣ್ಣ ಇನ್ನೂ ಎದ್ದು ಕಾಣುತ್ತದೆ. ಹಳೆಯ ಶಾಯಿಪೆನ್ನುಗಳನ್ನು ಕೂಡಿಡುವವರು ಇದನ್ನು ಬಲ್ಲರು. ಆದ್ದರಿಂದ ಅದಕ್ಕೆ ತಣ್ಣೀರು ಮತ್ತು ಹಿಂಡಿದ ಬಟ್ಟೆ ಮಾತ್ರ ಸಾಕು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ನೋಡಲು ಹೋದಾಗ ಕಿಟಕಿಯಿಂದ ಅವುಗಳ ಚುಕ್ಕಾಣಿಗಳನ್ನೂ ಗಮನಿಸಿರಿ. ಕಾಲ ಬದಲಾದಂತೆ ಚಕ್ರದ ಗಾತ್ರ, ಕಡ್ಡಿಗಳ ಸಂಖ್ಯೆ, ಬಳೆಯ ದಪ್ಪ ಹೇಗೆ ಬದಲಾದವೆಂದು ಕಣ್ಣಾರೆ ಕಂಡರೆ ನಿಮ್ಮ ಚಕ್ರದ ಮೂಲ ಆಕಾರದ ಬಗ್ಗೆ ಒಂದು ಅಂದಾಜು ಮೂಡುತ್ತದೆ.

ತೊಳೆದ ಚಕ್ರವನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ನಾಲ್ಕೈದು ದಿನ ತೂಗುಹಾಕಿರಿ. ಬಿರುಕಿನೊಳಗೆ ಹೋದ ನೀರು ಪೂರ್ತಿ ಆರಬೇಕು. ಬಿಸಿಲಿಗೆ ಇಟ್ಟು ಅವಸರ ಮಾಡಿದರೆ ಹೊಸ ಬಿರುಕು ಬರಬಹುದು.

ಬಿರುಕನ್ನು ತೆರೆಯುವುದು

ಮುಚ್ಚಬೇಕಾದ ಬಿರುಕನ್ನು ಮೊದಲು ದೊಡ್ಡದು ಮಾಡಬೇಕೆಂದರೆ ಮನಸ್ಸು ಒಪ್ಪುವುದಿಲ್ಲ. ಆದರೆ ಇಡೀ ಕೆಲಸದ ಬಾಳಿಕೆ ಈ ಹಂತದಲ್ಲಿದೆ. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಒಂದು ಬದಿ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡು ಬಿರುಕಿನ ಉದ್ದಕ್ಕೂ ಸರಳು ಸಿಗುವವರೆಗೆ ಕೊಯ್ಯಿರಿ. ನಂತರ ತ್ರಿಕೋನ ಅರದಿಂದ ಅದರ ಬಾಯಿಯನ್ನು 5–6 ಮಿ.ಮೀ. ಅಗಲ ಮಾಡಿ, ಗೋಡೆಗಳು ಒಳಮುಖವಾಗಿ ಇಳಿಜಾರಾಗುವಂತೆ ತಿದ್ದಿರಿ. ತಳದಲ್ಲಿ ಸರಳಿನ ಮೈ ಕನಿಷ್ಠ 2–3 ಮಿ.ಮೀ. ಅಗಲಕ್ಕೆ ತೆರೆದು ಕಾಣಬೇಕು. ಬಳೆಯನ್ನು ಪೂರ್ತಿ ಸುತ್ತಿರುವ ಬಿರುಕಾದರೆ ಹಿಂಬದಿಯನ್ನೂ ಬಿಡದೆ ಸುತ್ತಲೂ ತೆರೆಯಿರಿ. ಕೂದಲೆಳೆಯಷ್ಟು ತೆಳುವಾಗಿ ಅರ್ಧಕ್ಕೆ ನಿಂತ ಬಿರುಕಿದ್ದರೆ ಅದು ಮುಂದೆ ಓಡದಂತೆ ತುದಿಯಲ್ಲಿ 2 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಒಂದು ಸಣ್ಣ ರಂಧ್ರ ಕೊರೆಯಿರಿ. ಹೊದಿಕೆಯ ಸಡಿಲ ಚೂರುಗಳನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಭಾಗವನ್ನು ತೆಗೆದುಬಿಡಿ.

ತೆರೆದ ಸರಳಿನ ಮೇಲಿನ ತುಕ್ಕನ್ನು ಸಣ್ಣ ತಂತಿ ಬ್ರಷ್ಷಿನಿಂದಲೂ ಮಡಚಿದ 80ನೇ ನಂಬರಿನ ಉಪ್ಪುಕಾಗದದಿಂದಲೂ ಹೊಳೆಯುವವರೆಗೆ ಉಜ್ಜಿರಿ. ಒಳಕ್ಕೆ ಸರಿದ ತುಕ್ಕಿಗೆ ಸೂಜಿಯ ತುದಿಯಿಂದ ತುಕ್ಕು ತಡೆಯುವ ರಾಸಾಯನಿಕವನ್ನು ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ ಒಣಗಿಸಿರಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಚಕ್ರಕ್ಕೆ ಹಿಂದೆ ಯಾರಾದರೂ ಬಣ್ಣ ಬಳಿದಿದ್ದರೆ ಒಣದಾಗಿ ಉಜ್ಜಿ ಧೂಳೆಬ್ಬಿಸಬೇಡಿ. ನೀರು ಹಾಕಿ ಉಜ್ಜಿ, ಮೂಗಿಗೆ ಒಳ್ಳೆಯ ಮಾಸ್ಕ್ ಕಟ್ಟಿಕೊಂಡು, ಮಕ್ಕಳು ಓಡಾಡದ ಕಡೆ ಕೆಲಸ ಮಾಡಿರಿ.

ತುಂಬುವುದು

ಬಾಡಿ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ಪುಟ್ಟಿ ತಗಡಿನ ಮೇಲಿನ ತೆಳು ಪದರಕ್ಕೆ ತಕ್ಕದ್ದು. ಅದು ಪೆಡಸು, ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಕಚ್ಚುವುದಿಲ್ಲ. ನನ್ನ ಹನ್ನೊಂದು ಬಿರುಕುಗಳ ಕಥೆ ಇದಕ್ಕೆ ಸಾಕ್ಷಿ. ಇಲ್ಲಿ ಬೇಕಾದದ್ದು ಎರಡು ಭಾಗಗಳನ್ನು ಬೆರೆಸುವ ಎಪಾಕ್ಸಿ. ನಾನು ಎರಡು ಬಗೆಯನ್ನು ಒಟ್ಟಿಗೆ ಬಳಸುತ್ತೇನೆ. ಮೊದಲು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್‌ನಂಥ ತೆಳು ಎಪಾಕ್ಸಿಯನ್ನು ಬಿದಿರು ಕಡ್ಡಿಯಿಂದ ಸರಳಿಗೂ ಗೋಡೆಗಳಿಗೂ ತೆಳುವಾಗಿ ಒರೆಸಿ ಒದ್ದೆ ಮಾಡುತ್ತೇನೆ. ಅದು ಇನ್ನೂ ಅಂಟಾಗಿರುವಾಗಲೇ ಅದರ ಮೇಲೆ ಎಂ-ಸೀಲ್‌ನಂಥ ಹಿಟ್ಟಿನ ಹದದ ಎಪಾಕ್ಸಿ ಪುಟ್ಟಿಯನ್ನು ಒತ್ತಿ ತುಂಬುತ್ತೇನೆ. ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳು ಬಿಸಿಲಿಗೆ ಬೇಗ ಮೆತ್ತಗಾಗುತ್ತವೆ, ಅವು ಬೇಡ. ಕೊಳ್ಳುವಾಗ ಎಷ್ಟು ತಾಪ ತಾಳುತ್ತದೆ ಎಂಬುದನ್ನು ಪೊಟ್ಟಣದ ಮೇಲೆ ಓದಿರಿ. ನಿಂತ ಕಾರಿನ ಒಳಗಿನ ಬಿಸಿಯನ್ನು ಅದು ತಾಳಬೇಕು.

ಕೈಗವಸು ಹಾಕಿಕೊಂಡೇ ಕಲಸಿರಿ, ಎಪಾಕ್ಸಿಯ ಗಟ್ಟಿಕಾರಕ ಚರ್ಮಕ್ಕೆ ಒಗ್ಗದೆ ತುರಿಕೆ ತರುತ್ತದೆ. ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡು, ಚಪಾತಿ ಹಿಟ್ಟು ನಾದುವಂತೆ, ಎರಡು ಬಣ್ಣದ ಗೆರೆಗಳು ಪೂರ್ತಿ ಮಾಯವಾಗಿ ಒಂದೇ ಬಣ್ಣ ಬರುವವರೆಗೆ ನಾದಿರಿ. ಎಲ್ಲ ಬಿರುಕಿಗೂ ಒಟ್ಟಿಗೆ ಕಲಸಬೇಡಿ. ಎರಡು ಬಿರುಕಿಗೆ ಆಗುವಷ್ಟು ಕಲಸಿ, ಅದು ಮುಗಿದ ಮೇಲೆ ಮತ್ತೆ ಕಲಸಿರಿ. ಪುಟ್ಟಿಯನ್ನು ತಳದಿಂದ ಮೇಲಕ್ಕೆ, ಗಾಳಿ ಸಿಕ್ಕಿಕೊಳ್ಳದಂತೆ, ಸಣ್ಣ ಸಣ್ಣ ಉಂಡೆಗಳಾಗಿ ಒತ್ತುತ್ತ ಬನ್ನಿ. ಕೊನೆಗೆ ಸುತ್ತಲಿನ ಮೈಗಿಂತ 1–2 ಮಿ.ಮೀ. ಎತ್ತರ ಉಳಿಸಿ, ನೀರಿನಲ್ಲಿ ಅದ್ದಿದ ಬೆರಳಿನಿಂದ ನಯ ಮಾಡಿರಿ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಬೆರಳಿನ ತಗ್ಗುಗಳಿರುವ ಕಡೆಯೇ ಹೊದಿಕೆ ಉದುರಿದ್ದರೆ ಅಚ್ಚು ಮಾಡಿಕೊಳ್ಳಬೇಕಾಗುತ್ತದೆ. ಚಕ್ರದ ಇನ್ನೊಂದು ಬದಿಯಲ್ಲಿ ತಗ್ಗುಗಳು ಸರಿಯಾಗಿರುವ ಭಾಗದ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕಿಲ್ಲದಂತೆ ಸುತ್ತಿ, ಅದರ ಮೇಲೆ ಎಪಾಕ್ಸಿ ಪುಟ್ಟಿಯನ್ನು ಒಂದು ಬೆರಳು ದಪ್ಪ ಒತ್ತಿ ಗಟ್ಟಿಯಾಗಲು ಬಿಡಿ. ಮರುದಿನ ಅದು ಕಳಚಿ ಬರುತ್ತದೆ. ಅದರ ಒಳಮೈಗೆ ಗ್ರೀಸ್ ಅಥವಾ ಮೇಣ ಸವರಿ, ಹಾಳಾದ ಜಾಗದಲ್ಲಿ ತುಂಬಿದ ಹಸಿ ಪುಟ್ಟಿಯ ಮೇಲೆ ಒತ್ತಿ ಕಟ್ಟಿದರೆ ಅದೇ ತಗ್ಗುಗಳು ಅದೇ ಅಂತರದಲ್ಲಿ ಮೂಡುತ್ತವೆ. ಅಂಟಿದ ಗ್ರೀಸನ್ನು ಮುಂದಿನ ಹಂತಕ್ಕೆ ಹೋಗುವ ಮೊದಲು ಸೋಪುನೀರಿನಿಂದ ಚೆನ್ನಾಗಿ ತೆಗೆಯದಿದ್ದರೆ ಅಲ್ಲಿ ಬಣ್ಣ ನಿಲ್ಲುವುದಿಲ್ಲ.

ಆಕಾರ ಕೊಡುವುದು

ಹೆಚ್ಚಾಗಿ ನಿಂತ ಪುಟ್ಟಿಯನ್ನು ಅರ್ಧಗೋಲದ ಅರದಿಂದ ಇಳಿಸಿ, ಮೂಲ ಮೈ ಹತ್ತಿರವಾದಾಗ ಅರವನ್ನು ಬದಿಗಿಡಿ. ಅಲ್ಲಿಂದ ಮುಂದೆ ಒಂದಂಗುಲ ಅಗಲದ ಉಪ್ಪುಕಾಗದದ ಪಟ್ಟಿಯನ್ನು ಬಳೆಯ ಸುತ್ತ ಹಾಕಿ, ಬೂಟಿಗೆ ಹೊಳಪು ಕೊಡುವವರು ಬಟ್ಟೆಯನ್ನು ಎಡಕ್ಕೂ ಬಲಕ್ಕೂ ಎಳೆಯುವಂತೆ ಎರಡೂ ತುದಿ ಹಿಡಿದು ಎಳೆಯಿರಿ. ಹೀಗೆ ಮಾಡಿದರೆ ಬಳೆಯ ದುಂಡು ಕೆಡುವುದಿಲ್ಲ. ಎಪಾಕ್ಸಿ ಗಟ್ಟಿ, ಮೂಲ ಪ್ಲಾಸ್ಟಿಕ್ ಮೆತ್ತಗೆ. ಕೈಬೆರಳಿನಿಂದ ಒತ್ತಿ ಉಜ್ಜಿದರೆ ಪ್ಲಾಸ್ಟಿಕ್ ಬೇಗ ಸವೆದು ಪುಟ್ಟಿ ಗಂಟಿನಂತೆ ಎದ್ದು ನಿಲ್ಲುತ್ತದೆ. 120, 180, 220 ಎಂಬ ಕ್ರಮದಲ್ಲಿ ಕಾಗದ ಬದಲಿಸುತ್ತ ಹೋಗಿರಿ. ಬೆರಳಿನ ತಗ್ಗುಗಳಿಗೆ ಪೆನ್ಸಿಲ್ಲಿಗೋ ಸರಿಯಾದ ದಪ್ಪದ ಕೋಲಿಗೋ ಕಾಗದ ಸುತ್ತಿ ಉಜ್ಜಿರಿ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಕಣ್ಣು ಮುಚ್ಚಿ ಬಳೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ಸುತ್ತಲೂ ಜಾರಿಸಿರಿ. ಕಣ್ಣಿಗೆ ಕಾಣದ ಉಬ್ಬುತಗ್ಗನ್ನು ಅಂಗೈ ಕೂಡಲೇ ಹೇಳುತ್ತದೆ. ಗಾಡಿ ಓಡಿಸುವಾಗ ಈ ಚಕ್ರದ ಮೇಲಿರುವುದು ಅಂಗೈಯೇ ಆದ್ದರಿಂದ ಅದರ ತೀರ್ಪನ್ನೇ ನಂಬಿರಿ. ನನ್ನ ಚಕ್ರದ ಹೆಚ್ಚಿನ ಹೊತ್ತು ಹೋದದ್ದು ಈ ಹಂತಕ್ಕೆ; ಮೂರು ಭಾನುವಾರಗಳು ಬೇಕಾದವು.

ಬಣ್ಣ

ಮೂಲ ಬಣ್ಣವನ್ನು ಹುಡುಕಬೇಕಾದದ್ದು ಬೆಳಕು ಬೀಳದ ಜಾಗದಲ್ಲಿ, ಅಂದರೆ ಹಾರ್ನ್ ಗುಂಡಿಯ ಕೆಳಗೆ ಅಥವಾ ಗುಂಬದ ಹಿಂಬದಿಯಲ್ಲಿ. ನನ್ನ ಚಕ್ರ ಮೇಲೆ ಹಳದಿಯಾಗಿ ಕಂಡರೂ ಗುಂಡಿಯ ಕೆಳಗೆ ದಂತದ ಬಿಳುಪು ಹಾಗೆಯೇ ಉಳಿದಿತ್ತು. ಬಣ್ಣ ಬೆರೆಸುವ ಅಂಗಡಿಗೆ ಚಕ್ರವನ್ನೇ ಒಯ್ದು, ಟ್ಯೂಬ್‌ಲೈಟಿನ ಕೆಳಗೆ ನೋಡದೆ ಹಗಲಿನ ಬೆಳಕಿಗೆ ಹಿಡಿದು ಹೋಲಿಸಿರಿ.

ಚಕ್ರವನ್ನು ತಿರುಗಿಸುತ್ತ ಬಣ್ಣ ಸಿಂಪಡಿಸಲು ಹಳೆಯ ಸೈಕಲ್ಲಿನ ಆಕ್ಸಲ್ಲನ್ನು ಮರದ ತುಂಡಿಗೆ ಬಿಗಿದು ಅದರ ಮೇಲೆ ಚಕ್ರವನ್ನು ಕೂರಿಸಿಕೊಳ್ಳಬಹುದು. ಗುಂಬದ ಒಳಗಿನ ಹಲ್ಲುಗಳಿಗೂ ಹಾರ್ನಿನ ಸ್ಪರ್ಶಬಿಂದುಗಳಿಗೂ ಟೇಪು ಹಚ್ಚಿ ಮುಚ್ಚಿರಿ. ಮೊದಲು ಪ್ಲಾಸ್ಟಿಕ್ಕಿಗೆ ಬಣ್ಣ ಕಚ್ಚಿಸುವ ತೆಳು ಪ್ರೈಮರ್, ಅದರ ಮೇಲೆ ಎಪಾಕ್ಸಿ ಪ್ರೈಮರ್, ನಂತರ ಸಣ್ಣ ಗೀರುಗಳನ್ನು ತುಂಬುವ ದಪ್ಪ ಸರ್ಫೇಸರ್ ಹಾಕಿರಿ. ಸರ್ಫೇಸರ್ ಒಣಗಿದ ಮೇಲೆ ಬೇರೆ ಬಣ್ಣವನ್ನು ಮಂಜಿನಂತೆ ಹಗುರವಾಗಿ ಸಿಂಪಡಿಸಿ 400ರ ವಾಟರ್ ಪೇಪರಿನಿಂದ ಉಜ್ಜಿದರೆ ತಗ್ಗುಗಳಲ್ಲಿ ಆ ಬಣ್ಣ ಉಳಿದು ನಿಮಗೆ ಕಾಣಿಸುತ್ತದೆ. ಅಲ್ಲಿ ಮತ್ತೆ ತುಂಬಿ ಮತ್ತೆ ಉಜ್ಜಿರಿ. ಎಲ್ಲವೂ ಸಮವಾದ ಮೇಲೆ 600ರ ಕಾಗದದಿಂದ ಒಂದು ಸುತ್ತು ಉಜ್ಜಿ ಒರೆಸಿರಿ.

ಮೇಲಿನ ಬಣ್ಣಕ್ಕೆ ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವೇ ಆಗಬೇಕು. ಸ್ಪ್ರೇ ಡಬ್ಬಿಯ ಸಾಮಾನ್ಯ ಬಣ್ಣ ಬೆವರಿಗೂ ಉಜ್ಜಾಟಕ್ಕೂ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಆದರೆ ಪಿಯು ಬಣ್ಣದ ಗಟ್ಟಿಕಾರಕದಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಆಸ್ತಮಾ ತರಬಲ್ಲದು, ಮತ್ತು ಬಟ್ಟೆಯ ಮಾಸ್ಕ್ ಅದನ್ನು ಸ್ವಲ್ಪವೂ ತಡೆಯುವುದಿಲ್ಲ. ಆದ್ದರಿಂದ ಪ್ರೈಮರಿನವರೆಗೆ ಮನೆಯಲ್ಲಿ ಮಾಡಿ, ಕೊನೆಯ ಬಣ್ಣಕ್ಕೆ ಸರಿಯಾದ ಬೂತ್ ಇರುವ ಪೇಂಟಿಂಗ್ ಶೆಡ್ಡಿಗೆ ಕೊಡುವುದೇ ನನ್ನ ಸಲಹೆ. ಪೇಂಟರಿಗೆ ಹೇಳಬೇಕಾದದ್ದು ಇಷ್ಟು: ಒಂದೇ ದಪ್ಪ ಪದರದ ಬದಲು ಮೂರು ನಾಲ್ಕು ತೆಳು ಪದರ, ಪ್ರತಿ ಪದರದ ನಡುವೆ ಹತ್ತು ಹದಿನೈದು ನಿಮಿಷದ ಬಿಡುವು, ಮೊದಲು ಹಿಂಬದಿ ಮತ್ತು ಕಡ್ಡಿಯ ಸಂದುಗಳು, ಕೊನೆಗೆ ಮುಂಬದಿ. ಮಳೆಗಾಲದಲ್ಲಿ, ಅದರಲ್ಲಿಯೂ ಕರಾವಳಿ ಮಲೆನಾಡುಗಳಲ್ಲಿ, ಈ ಕೆಲಸ ಬೇಡ. ಗಾಳಿಯ ತೇವಕ್ಕೆ ಬಣ್ಣದ ಮೈ ಮಂಕಾಗುತ್ತದೆ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ.

ಬಣ್ಣವಾದ ಮೇಲೆ ಒಂದು ವಾರ ತೂಗುಹಾಕಿ, ನಂತರ 1500 ಮತ್ತು 2000ರ ವಾಟರ್ ಪೇಪರಿನಿಂದ ಸೋಪುನೀರು ಹಾಕಿ ಮೆಲ್ಲಗೆ ಉಜ್ಜಿ, ರಬ್ಬಿಂಗ್ ಕಾಂಪೌಂಡಿನಿಂದ ಕೈಯಲ್ಲೇ ಹೊಳಪು ತನ್ನಿ. ಯಂತ್ರದಿಂದ ಉಜ್ಜಿದರೆ ಕಡ್ಡಿಗಳ ಅಂಚಿನಲ್ಲಿ ಬಣ್ಣ ಹಾರಿಹೋಗುತ್ತದೆ. ಹಾರ್ನ್ ರಿಂಗಿನ ಕ್ರೋಮಿನ ಮೇಲೆ ಸಣ್ಣ ತುಕ್ಕಿನ ಚುಕ್ಕೆಗಳಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಹೋಗುತ್ತವೆ. ಕ್ರೋಮೇ ಎದ್ದುಹೋಗಿದ್ದರೆ ಮರುಲೇಪನ ಮಾಡಿಸದೆ ಬೇರೆ ದಾರಿಯಿಲ್ಲ.

ಮರದ ಬಳೆಯಿರುವ ಇನ್ನೂ ಹಳೆಯ ಚಕ್ರಗಳನ್ನು ನೀರಿನಲ್ಲಿ ನೆನೆಸಬಾರದು. ಬಿಟ್ಟ ಸಂದುಗಳನ್ನು ಮರದ ಅಂಟಿನಿಂದ ಬಿಗಿದು, ವಾರ್ನಿಷನ್ನು ತೆಳುವಾಗಿ ಐದಾರು ಸಲ ಹಚ್ಚಬೇಕು. ಚರ್ಮ ಹೊದಿಸಿದ ಚಕ್ರಕ್ಕೆ ಚರ್ಮದ ಸೋಪು ಮತ್ತು ಕಂಡೀಷನರ್ ಸಾಕು. ಪ್ಲಾಸ್ಟಿಕ್ ಬಳೆಯ ಬಿರುಕನ್ನು ಮುಚ್ಚಲೆಂದು ಚರ್ಮ ಹೊಲಿಸುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ, ಅದು ಕಾಣುವುದಿಲ್ಲ ಅಷ್ಟೆ.

ಮರಳಿ ಕೂರಿಸುವುದು

ಹಲ್ಲುಗಳನ್ನು ಒಣ ಬ್ರಷ್ಷಿನಿಂದ ಶುಚಿ ಮಾಡಿ ಗ್ರೀಸಿನ ತೆಳು ಲೇಪ ಕೊಡಿ. ಹಾರ್ನಿನ ತಾಮ್ರದ ಉಂಗುರವನ್ನು 1000ರ ಕಾಗದದಿಂದ ಹೊಳೆಯುವಂತೆ ಒರೆಸಿ, ಅದರ ಮೇಲೆ ಬಣ್ಣದ ಧೂಳು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ. ಪಂಚಿನ ಎರಡು ಚುಕ್ಕೆಗಳನ್ನು ಒಂದೇ ಗೆರೆಗೆ ತಂದು ಚಕ್ರವನ್ನು ಕೈಯಿಂದ ಒತ್ತಿ ಕೂರಿಸಿ, ಹೊಸ ಲಾಕ್ ವಾಷರ್ ಹಾಕಿ, ನಟ್ಟನ್ನು ಆ ಗಾಡಿಯ ವರ್ಕ್‌ಶಾಪ್ ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಿರಿ. ಈ ಒಂದು ನಟ್ಟಿನ ಬಿಗಿತವನ್ನು ಅಂದಾಜಿಗೆ ಬಿಡಬಾರದು. ರಟ್ಟಿನ ಮೇಲಿನ ಸಂಖ್ಯೆಯನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಸ್ಪ್ರಿಂಗು, ಬಟ್ಟಲು, ಗುಂಡಿಯನ್ನು ಕೂರಿಸಿ ಬ್ಯಾಟರಿ ತಂತಿಯನ್ನು ಕೊನೆಗೆ ಜೋಡಿಸಿರಿ.

ಮುಂದಿನ ಟೈರುಗಳನ್ನು ನೆಲದಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿರಿ. ಎಲ್ಲಿಯೂ ಉಜ್ಜುವ ಸದ್ದು ಬರಬಾರದು, ತಿರುಗುವಾಗ ಹಾರ್ನ್ ತಾನೇ ಬಡಿಯಬಾರದು, ಗುಂಡಿಯನ್ನು ಯಾವ ಬದಿಯಿಂದ ಒತ್ತಿದರೂ ಬಡಿಯಬೇಕು. ಸ್ಟೀರಿಂಗ್ ತಿರುಗಿ ಮರಳಿದಾಗ ಇಂಡಿಕೇಟರ್ ತಾನಾಗಿ ಆರುವ ವ್ಯವಸ್ಥೆ ಇದ್ದರೆ ಅದೂ ಎರಡೂ ಕಡೆ ಕೆಲಸ ಮಾಡಬೇಕು. ನಂತರ ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ, ನೇರ ದಾರಿಯಲ್ಲಿ ಕಡ್ಡಿಗಳು ಮೊದಲಿನಂತೆಯೇ ನಿಲ್ಲುತ್ತವೆಯೇ ನೋಡಿರಿ. ಇಳಿದು ಬಂದ ಮೇಲೆ ನಟ್ಟಿನ ಬಿಗಿತವನ್ನು ಇನ್ನೊಮ್ಮೆ ಪರೀಕ್ಷಿಸಿರಿ.

ಬಣ್ಣ ಪೂರ್ತಿ ಪಕ್ವವಾಗಲು ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಮೇಣ ಹಚ್ಚಬೇಡಿ, ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಮುಟ್ಟಬೇಡಿ. ಡ್ಯಾಶ್‌ಬೋರ್ಡಿಗೆ ಸಿಂಪಡಿಸುವ ಸಿಲಿಕೋನ್ ಪಾಲಿಶನ್ನು ಚಕ್ರಕ್ಕೆ ಎಂದಿಗೂ ಹಾಕಬೇಡಿ, ತಿರುವಿನಲ್ಲಿ ಕೈ ಜಾರುತ್ತದೆ. ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಲೇಬೇಕಾದಾಗ ಬಿಳಿಯ ಹತ್ತಿ ಬಟ್ಟೆಯೊಂದನ್ನು ಚಕ್ರದ ಮೇಲೆ ಹೊದಿಸಿ, ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿರಿ. ಮುಂದಿನ ಏಪ್ರಿಲ್ ಮುಗಿಯುವ ಹೊತ್ತಿಗೆ ಕಡ್ಡಿಗಳ ಬುಡವನ್ನು ಟಾರ್ಚ್ ಹಿಡಿದು ನೋಡಿರಿ. ಎಲ್ಲಿಯಾದರೂ ಕೂದಲೆಳೆಯಂಥ ಗೆರೆ ಕಂಡರೆ ಅದನ್ನು ಮಳೆಗಾಲಕ್ಕೆ ಮೊದಲೇ ತೆರೆದು ತುಂಬಬೇಕು. ಒಂದು ಮಳೆಗಾಲದ ತೇವ ಒಳಗಿಳಿದರೆ ಸರಳು ಮತ್ತೆ ತುಕ್ಕು ಹಿಡಿಯಲು ಅಷ್ಟೇ ಸಾಕು.